ಕೆಂಪು ಕಡ್ಡಿಯ ಕಾಕ

ನಾನು ಹೆದರಿದ ಗಂಡಸರು ಹೆಚ್ಚಿಲ್ಲ. ಗಂಡನಿಗೆ ಹೆದರಲಿಲ್ಲ, ಅವರು ಪಾಪದ ಮನುಷ್ಯ. ಅವರು ಕೆಲಸಕ್ಕೆ ಹೋಗುತ್ತಿದ್ದ ಹೆಂಚಿನ ಕಾರ್ಖಾನೆಯ ಮೇಸ್ತ್ರಿಗೆ ಎಲ್ಲರೂ ಹೆದರುತ್ತಿದ್ದರು, ನಾನು ಅವನ ಮುಖಕ್ಕೇ ಬೈದು ಬಂದಿದ್ದೇನೆ. ಹೆದರಿದ್ದು ಒಬ್ಬರಿಗೆ ಮಾತ್ರ. ಫಳ್ನೀರಿನಲ್ಲಿ ಬಿಳಿ ದೊರೆಯೊಬ್ಬನ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ ಬ್ಯಾರಿ ಅವರು, ನಮ್ಮ ಕಡಲ ತೀರದ ಮುಸಲ್ಮಾನರು. ಹೋದ ತಿಂಗಳು ತೀರಿಕೊಂಡರು ಎಂದು ಸುದ್ದಿ ಬಂತು. ಇಷ್ಟು ವರ್ಷ ಬದುಕಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ. ಮೊಮ್ಮಕ್ಕಳು ಬಂದರಿನಲ್ಲಿ ಅಂಗಡಿ ಇಟ್ಟಿದ್ದಾರೆ, ಅಜ್ಜನ ಕಥೆ ಅವರಿಗೆ ಬೇಕೋ ಬೇಡವೋ. ನಾವು ಕೆಲಸದವರೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದೆವು.

ಉದ್ದಕ್ಕೆ, ಒಣಗಿದ ಗಳದ ಹಾಗೆ ಇದ್ದರು. ಲುಂಗಿಯ ಮೇಲೆ ಅಗಲದ ಬೆಲ್ಟು, ಬೆಲ್ಟಿಗೆ ಕೊಕ್ಕೆಯಿಂದ ನೇತುಹಾಕಿದ ಗಿಡ್ಡ ಕತ್ತಿ. ಬೆಳಿಗ್ಗೆ ಬಂದ ಕೂಡಲೇ ಮುರಕಲ್ಲಿನ ಮೇಲೆ ಮರಳು ಹಾಕಿ ಆ ಕತ್ತಿಯನ್ನು ಮಸೆಯುತ್ತಿದ್ದರು. ಹರಿತ ಬಂತೋ ಇಲ್ಲವೋ ಎಂದು ನೋಡುವುದು ತಮ್ಮದೇ ಎಡಗೈಯ ರೋಮ ಬೋಳಿಸಿ. ಅವರ ಎಡಗೈ ಮೊಣಕೈವರೆಗೆ ಮಗುವಿನ ಕೈಯ ಹಾಗೆ ನುಣ್ಣಗೆ ಇತ್ತು, ಬಲಗೈ ಕರಡಿಯದು. ನಡೆದರೆ ಸದ್ದೇ ಇಲ್ಲ. ನಾವು ಹೆಂಗಸರು ಕಳೆ ಕೀಳುತ್ತಾ ಏನಾದರೂ ಮಾತಾಡುತ್ತಿದ್ದರೆ ಬೆನ್ನ ಹಿಂದಿನಿಂದ, "ಬಾಯಿಯಲ್ಲಿ ಕಿತ್ತರೆ ಹುಲ್ಲು ಬರ್ತದಾ?" ಎಂಬ ಸ್ವರ. ಒಮ್ಮೆ ಹಾಗೆ ಬೆಚ್ಚಿಬಿದ್ದು ನಾನು ಕಳೆ ಬಿಟ್ಟು ಗಿಡವನ್ನೇ ಕಿತ್ತೆ. ಕಾಕ ಬೈಯಲಿಲ್ಲ. ಕಿತ್ತ ಗಿಡವನ್ನು ನನ್ನ ಕೈಯಲ್ಲೇ ಹಿಡಿಸಿ, ಸಂಜೆಯವರೆಗೂ ಹಿಡಿದುಕೊಂಡೇ ಕೆಲಸ ಮಾಡು ಎಂದರು. ಮಾಡಿದೆ. ಬೈಗುಳವೇ ವಾಸಿಯಿತ್ತು.

ಪಡೀಲಿನ ಮನೆಯಿಂದ ನಸುಕಿಗೆ ಹೊರಟು, ನಂತೂರಿನ ಗುಡ್ಡ ಹತ್ತಿ ಇಳಿದು ಫಳ್ನೀರಿಗೆ ಬರಬೇಕಿತ್ತು. ಆಗ ನನಗೆ ಹತ್ತೊಂಬತ್ತು ಇರಬಹುದು. ಮೊದಲನೆಯ ಮಗು ಹುಟ್ಟಿ ಒಂದು ದಿನವೂ ಉಳಿಯಲಿಲ್ಲ. ಮನೆಯಲ್ಲಿ ಕೂತು ಅತ್ತೆಯ ಮುಖ ನೋಡುವುದಕ್ಕಿಂತ ಕೆಲಸ ಒಳ್ಳೆಯದೆಂದು ಸೇರಿದ್ದೆ.

ಆ ತೋಟದ ಕೆಲಸ ಎಂತದ್ದು ಎಂದರೆ ಈಗಿನವರು ನಗಬಹುದು. ದೊರೆಸಾನಿಗೆ ಕೆಂಪು ಕಡ್ಡಿ ಬೇಕಿತ್ತು. ಹೂವಲ್ಲ, ಕಾಯಿಯಲ್ಲ, ಬರೀ ಕಡ್ಡಿ. ಅವಳ ಊರಿನಲ್ಲಿ ಚಳಿಗಾಲದಲ್ಲಿ ಮರಗಿಡವೆಲ್ಲ ಎಲೆ ಉದುರಿಸಿ ಬೋಳಾಗುತ್ತದಂತೆ. ಆಗ ಒಂದು ಜಾತಿಯ ಪೊದೆಯ ಕಡ್ಡಿಗಳು ಮಾತ್ರ ಕೆಂಡದ ಹಾಗೆ ಕೆಂಪಗೆ ನಿಲ್ಲುತ್ತವಂತೆ. ಆ ಕಡ್ಡಿಗಳನ್ನು ಪಾಚಿಯಲ್ಲಿ ಸುತ್ತಿ ಹಡಗಿನಲ್ಲಿ ತಂದು ನೆಟ್ಟಳು. ನಮ್ಮ ಮೇ ತಿಂಗಳ ಬಿಸಿಲಿಗೆ ಅವು ಹೊಗೆಸೊಪ್ಪಿನ ಹಾಗಾದವು. ಆಗ ಅವಳು ಕಾಕನನ್ನು ಕರೆದು, ಈ ಊರಿನ ಗಿಡಗಳಲ್ಲೇ ಅಂತಹದು ಹುಡುಕು ಎಂದಳಂತೆ.

ನನ್ನ ಅತ್ತೆ ಇದನ್ನು ಕೇಳಿ, "ಕೆಂಪು ದಂಟು ಬೇಕಾದರೆ ಹರಿವೆ ಹಾಕಲಿ ಮಾರಾಯ್ತಿ, ಸಾಂಬಾರಾದರೂ ಆಗ್ತದೆ" ಎಂದಿದ್ದರು. ನಾನು ಅದನ್ನು ಹೋಗಿ ತೋಟದಲ್ಲಿ ಹೇಳಿದೆ. ಕಾಕ ನಗಲಿಲ್ಲ. "ಹರಿವೆ ಹಾಕಿ ನೋಡಿದೆ. ಮೂರು ತಿಂಗಳಲ್ಲಿ ಬೀಜ ಬಿಟ್ಟು ಒಣಗ್ತದೆ. ನಿನ್ನ ಅತ್ತೆಗೆ ಹೇಳು, ನನಗೆ ಹೇಳಿಕೊಡುವುದು ಬೇಡ" ಎಂದರು. ನಿಜವಾಗಿ ಹಾಕಿ ನೋಡಿದ್ದರು. ಕೆಂಪು ಬಸಳೆಯನ್ನೂ ಹಬ್ಬಿಸಿ ನೋಡಿದ್ದರು.

ಗಿಡ ಆರಿಸುವ ಅವರ ಕ್ರಮ ಬೇರೆಯೇ. ಎಲ್ಲಿಂದಲೋ ಕೊಂಬೆ ಕಡಿದು ತರುವುದು, ಎಲೆ ಪೂರಾ ಸವರಿ ತೆಗೆಯುವುದು, ಬಂಗಲೆಯ ಸುಣ್ಣದ ಗೋಡೆಗೆ ಒರಗಿಸಿ ದೂರ ಹೋಗಿ ನಿಲ್ಲುವುದು. ಆಮೇಲೆ ನೀರು ಚಿಮುಕಿಸಿ ಇನ್ನೊಮ್ಮೆ ನೋಡುವುದು. ಉಗುರಿನಿಂದ ತೊಗಟೆ ಕೆರೆದು, ಬಣ್ಣ ಮೇಲಿನದೋ ಒಳಗಿನದೋ ಎಂದು ಪರೀಕ್ಷೆ. ಕ್ರೋಟನ್ನಿನ ಹತ್ತು ಜಾತಿ ತಂದು ಒಂಬತ್ತನ್ನು ಎಸೆದರು. "ಎಲೆಯ ಡೌಲು ಮಾತ್ರ. ಬತ್ತಲೆ ಮಾಡಿದರೆ ಎಂತ ಉಂಟು ಇದರಲ್ಲಿ?" ಎಂದು ಹೆಂಗಸರ ಎದುರೇ ಹೇಳುತ್ತಿದ್ದರು. ಉಳಿದ ಒಂದು ಕ್ರೋಟನ್ನಿನ ಕಡ್ಡಿ ಅರಿಶಿನದ ಬಣ್ಣ. ಇನ್ನೊಂದು, ಬಿಳಿ ಚುಕ್ಕೆಯ ಸಣ್ಣ ಎಲೆಯ ಪೊದೆ. ಅದರ ಹೊಸ ಕಡ್ಡಿಗಳು ಅಂಕುಡೊಂಕಾಗಿ ಬೆಳೆದು ರಕ್ತದ ಬಣ್ಣಕ್ಕೆ ಬರುತ್ತಿದ್ದವು. ಅದಕ್ಕೆ ದೊರೆಸಾನಿ ಏನೋ ಹೆಸರು ಹೇಳುತ್ತಿದ್ದಳು. ನಮಗೆ ಅದು ಕೆಂಪುಕಡ್ಡಿ. ಗೇಟಿನಿಂದ ಬಂಗಲೆಯ ಮೆಟ್ಟಿಲಿನವರೆಗೆ ಎರಡು ಸಾಲು ಅದೇ.

ಕಡಿಯುವುದರಲ್ಲಿ ಎಲ್ಲ ಇತ್ತು. ಹಳೆಯ ಕಡ್ಡಿಗೆ ಬಣ್ಣ ಇಲ್ಲ, ಅದು ಮುದುಕನ ಮೊಣಕಾಲಿನ ಹಾಗೆ ಬೂದಿಯಾಗುತ್ತದೆ. ಆ ವರ್ಷ ಚಿಗುರಿದ್ದಕ್ಕೆ ಮಾತ್ರ ಬಣ್ಣ. ಆದ್ದರಿಂದ ವರ್ಷಕ್ಕೊಮ್ಮೆ, ಮಕರ ತಿಂಗಳಲ್ಲಿ, ಇಡೀ ಪೊದೆಯನ್ನು ನೆಲದಿಂದ ಒಂದು ಗೇಣು ಬಿಟ್ಟು ಕಡಿದುಬಿಡಬೇಕು. ಚಿಗುರು ಒಡೆಯುವ ಕಣ್ಣಿನ ಮೇಲೆ, ಓರೆಯಾಗಿ, ಒಂದೇ ಏಟು. ಕಡಿದ ಬಾಯಿಗೆ ಸೆಗಣಿ. ಬುಡಕ್ಕೆ ಒಣ ಎಲೆ, ದಿನಾ ಎರಡು ಕೊಡಪಾನ ನೀರು. ಮೊದಲ ವರ್ಷ ಕಡಿದು ಮುಗಿಸಿ ತಿರುಗಿ ನೋಡಿದಾಗ ನನ್ನ ಎದೆ ಒಡೆಯಿತು. ಆಳೆತ್ತರದ ಸಾಲು ಇದ್ದಲ್ಲಿ ಬರೀ ಕೂಳೆ. ಇದು ಇನ್ನು ಬದುಕುವುದುಂಟಾ ಎಂದು ಕೇಳಿದ್ದಕ್ಕೆ ಕಾಕ, "ಸತ್ತರೆ ನಿನ್ನನ್ನು ಇಲ್ಲಿ ನೆಡ್ತೇನೆ" ಎಂದರು. ನನಗೆ ಅದು ತಮಾಷೆ ಎಂದು ತೋರಲಿಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಕೆಲಸ. ನಮ್ಮ ಊರಿನಲ್ಲಿ ಎಲೆ ತಾನಾಗಿ ಉದುರುವುದಿಲ್ಲವಲ್ಲ. ದೊರೆಸಾನಿಯ ಕ್ರಿಸ್ಮಸಿಗೆ ನಾಲ್ಕು ದಿನ ಇರುವಾಗ ನಾವು ಆರು ಹೆಂಗಸರು ಕೂತು ಎರಡು ಸಾಲಿನ ಎಲೆಗಳನ್ನೂ ಕೈಯಿಂದ ಕಿತ್ತು ಬೋಳು ಮಾಡಬೇಕು. ಕೆಂಪಿರುವೆ ಕಚ್ಚಿ ಕೈ ಊದುತ್ತಿತ್ತು. ಒಂದು ದಿನ ಹಾಗೆ ಕೀಳುವಾಗ ಕಾಕ ದೂರದಿಂದ, "ಅಲ್ಲಾಡಬೇಡ" ಎಂದರು. ಸ್ವರ ಎತ್ತಲಿಲ್ಲ. ನನ್ನ ಕಾಲಿನ ಹತ್ತಿರ, ಒಣ ಎಲೆಯ ಬಣ್ಣದಲ್ಲೇ, ಕನ್ನಡಿ ಹಾವು. ಕಾಕ ಬಂದರು, ಕತ್ತಿ ಬಂತು, ನನ್ನ ಹೆಬ್ಬೆರಳಿನ ಪಕ್ಕದಲ್ಲಿ ಮಣ್ಣು ಎದ್ದಿತು. ಹಾವಿನ ತಲೆ ಒಂದು ಕಡೆ, ಮೈ ಒಂದು ಕಡೆ. ಹಾವಿಗಿಂತ ಆ ಕತ್ತಿ ನನ್ನ ಬೆರಳಿನ ಎಷ್ಟು ಹತ್ತಿರ ಬಂದಿತ್ತು ಎಂದು ನೆನೆದೇ ನನಗೆ ಮೂರು ದಿನ ಜ್ವರ.

ಇಂಥವರಿಗೆ ನಾನು ಕೆಡ್ಡಸದ ವಿಷಯ ಹೇಳಲಿಕ್ಕೆ ಹೋದೆ.

ಕೆಡ್ಡಸ ಎಂದರೆ ಮಕರ ತಿಂಗಳ ಕೊನೆಯ ಮೂರು ದಿನ. ಆಗ ಭೂಮಿ ಮುಟ್ಟಾಗುತ್ತಾಳೆ. ನಮ್ಮಲ್ಲಿ ಯಾರೂ ನೆಲ ಅಗೆಯುವುದಿಲ್ಲ, ಹಸಿ ಗಿಡಕ್ಕೆ ಕತ್ತಿ ತಾಗಿಸುವುದಿಲ್ಲ. ಹುರಿದ ಕುಚ್ಚಲಕ್ಕಿಯ ಹುಡಿ, ಬೆಲ್ಲ, ತೆಂಗಿನಕಾಯಿ ಕಲಸಿದ ನನ್ನೆರಿ ತಿನ್ನುತ್ತೇವೆ. ಕೊನೆಯ ದಿನ ತುಳಸಿಯ ಎದುರು ನೆಲಕ್ಕೆ ಎಣ್ಣೆ ಬಿಟ್ಟು ಅವಳನ್ನು ಮೀಯಿಸುತ್ತೇವೆ. ಆ ದಿನಗಳಲ್ಲಿ ಹಸಿರು ಕಡಿದರೆ ಅವಳಿಗೆ ನೋಯುತ್ತದೆ, ಬಸುರಿ ಕಡಿದರೆ ಅವಳು ಬಿಡುವುದಿಲ್ಲ ಎಂದು ಹಿರಿಯರು ಹೇಳಿದ್ದು. ನನಗೆ ಆಗ ಮೂರು ತಿಂಗಳು. ಸಾಲು ಅರ್ಧ ಕಡಿದಾಗಿತ್ತು.

"ಕಾಕ, ಮೂರು ದಿನ ರಜೆ ಬೇಕಿತ್ತು" ಎಂದೆ.

"ಎಂತಕ್ಕೆ?"

"ಕೆಡ್ಡಸ ಅಲ್ವಾ."

ಕಾಕ ಬಗ್ಗಿ ನೆಲ ನೋಡಿದರು. "ಭೂಮಿ ಹೊರಗೆ ಕೂತಿದ್ದಾಳಾ? ನನಗೆ ಯಾರೂ ಹೇಳಲಿಲ್ಲ!" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಉಳಿದ ಹೆಂಗಸರೂ ನಕ್ಕರು. "ಬಿಸಿಲು ಏರ್ತಾ ಉಂಟು. ಮೂರು ದಿನ ಬಿಟ್ಟರೆ ಕಣ್ಣು ಒಡೆದು ರಸ ಮೇಲೆ ಹೋಗ್ತದೆ, ಆಮೇಲೆ ಕಡಿದರೆ ಗಿಡ ಅಳ್ತದೆ. ಭೂಮಿಗೆ ನಾನು ಹೇಳಿಕೊಳ್ತೇನೆ, ನೀನು ಕಡಿ."

ಬಸುರಿ ಎಂದು ಅಷ್ಟು ಜನರ ಎದುರು ಹೇಳಲಿಕ್ಕೆ ನಾಚಿಕೆ. ಬರುವುದಿಲ್ಲ ಎನ್ನಲಿಕ್ಕೆ ಹೆದರಿಕೆ. ಭೂಮಿಗಿಂತ ಕಾಕನಿಗೇ ಹೆಚ್ಚು ಹೆದರಿದೆ. ಕಡಿದೆ, ಮೂರು ದಿನವೂ. ಐದನೆಯ ದಿನ ಮಗು ಹೋಯಿತು.

ಕೆಡ್ಡಸದಲ್ಲಿ ಕಡಿದದ್ದಕ್ಕೆ ಹೋಯಿತೋ, ದಿನಾ ಆ ಗುಡ್ಡ ಹತ್ತಿ ಇಳಿದದ್ದಕ್ಕೆ ಹೋಯಿತೋ, ತಿನ್ನಲಿಕ್ಕೆ ಸರಿ ಇರಲಿಲ್ಲ ಅದಕ್ಕೆ ಹೋಯಿತೋ, ಈಗ ಕೇಳಿದರೆ ನಾನು ಹೇಳಲಾರೆ. ಆಗ ನನಗೆ ಸಂಶಯವೇ ಇರಲಿಲ್ಲ. ಅತ್ತೆಗಂತೂ ಇರಲೇ ಇಲ್ಲ. "ನೀನೇ ಕೊಂದದ್ದು. ಇನ್ನೊಂದು ಹೋದರೆ ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೇನೆ" ಎಂದರು. ಹೇಳಿದರೆ ಮಾಡುವವರು ಅವರು.

ಹತ್ತು ದಿನ ಬಿಟ್ಟು ಕೆಲಸಕ್ಕೆ ಹೋದೆ. "ಎಂತ, ಎಲ್ಲಿ ಸತ್ತಿದ್ದೆ ಇಷ್ಟು ದಿನ?" ಎಂದು ಕಾಕ ಕೇಳಿದರು. ಬಂಗಲೆಯ ಬಟ್ಲರ್, ಕೊಂಕಣಿಯವರು, ಅವರಿಗೆ ಹೇಗೋ ಗೊತ್ತಾಗಿತ್ತು. ಕಾಕನನ್ನು ಬಾವಿಕಟ್ಟೆಯ ಹತ್ತಿರ ಕರೆದು ಏನೋ ಹೇಳಿದರು. ಕಾಕ ವಾಪಸು ಬಂದು, ನನ್ನ ಕೈಯಿಂದ ಕೊಡಪಾನ ತೆಗೆದುಕೊಂಡು ಇನ್ನೊಬ್ಬಳಿಗೆ ಕೊಟ್ಟು, ನನ್ನನ್ನು ನೆರಳಿನಲ್ಲಿ ಬೀಜ ಆರಿಸಲಿಕ್ಕೆ ಕೂರಿಸಿದರು. ನಾನು ಕೆಲಸದಿಂದ ತೆಗೆಯುವ ಮೊದಲಿನ ಲಕ್ಷಣ ಇದು ಎಂದು ಹೆದರಿದೆ. ತೆಗೆಯಲಿಲ್ಲ. ಆದರೆ ಅಂದಿನಿಂದ ನನ್ನ ಹತ್ತಿರ ಮಾತು ನಿಂತಿತು. ಹೇಳಬೇಕಾದ್ದನ್ನು ಕತ್ತಿಯ ತುದಿಯಿಂದ ತೋರಿಸುತ್ತಿದ್ದರು.

ಮುಂದಿನ ಮಕರ ತಿಂಗಳು ಬಂತು. ನನಗೆ ಐದು ತಿಂಗಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಬರುತ್ತಿದ್ದೆ, ಗೊತ್ತಾದರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಆ ಸಲ ಕೆಡ್ಡಸದ ಹಿಂದಿನ ದಿನ ಕಾಕ ಎಲ್ಲರಿಗೂ ಕೇಳುವ ಹಾಗೆ, "ಮೂರು ದಿನ ಯಾರೂ ಬರುವುದು ಬೇಡ" ಎಂದರು. ಗೇಟಿನ ಎರಡು ಸಾಲು ಬಾಕಿಯಿತ್ತು. ನನಗೆ ಆಶ್ಚರ್ಯವಾಯಿತು, ಕೇಳುವ ಧೈರ್ಯ ಆಗಲಿಲ್ಲ. ಮನೆಗೆ ಹೋಗಿ ಅಕ್ಕಿ ಹುರಿದೆ.

ಮಾರನೆಯ ಬೆಳಿಗ್ಗೆಯೇ ಬಂಗಲೆಯ ಪ್ಯೂನ್ ಪಡೀಲಿಗೆ ಬಂದ. ದೊರೆಸಾನಿ ಎರಡು ದಿನದಲ್ಲಿ ಊರಿಗೆ ಹೊರಡುತ್ತಾಳೆ, ಹೊರಡುವ ಮೊದಲು ಸಾಲು ಕಡಿದದ್ದನ್ನು ಕಣ್ಣಾರೆ ನೋಡಬೇಕಂತೆ, ಬಾರದವರು ಇನ್ನು ಬರುವುದೇ ಬೇಡವಂತೆ. ಅತ್ತೆ ನನ್ನ ಮುಖ ನೋಡಿದರು. "ಹೋಗಿ ನಿಲ್ಲು. ಕಡಿದರೆ ಗೊತ್ತುಂಟಲ್ಲ" ಎಂದರು.

ತೋಟಕ್ಕೆ ಹೋದಾಗ ಕಾಕ ಬಾವಿಯ ಹತ್ತಿರ ಒಬ್ಬರೇ ನಿಂತಿದ್ದರು. ವರ್ಷವಿಡೀ ಮಾತಾಡದವರು ಮಾತಾಡಿದರು.

"ನೀನು ಯಾಕೆ ಬಂದೆ?"

"ಕರೆದರು."

"ಎಷ್ಟು?"

"ಎಂತ ಎಷ್ಟು?"

"ಮಂಡೆ ಉಂಟಾ ನಿನಗೆ? ತಿಂಗಳು ಎಷ್ಟು?"

ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡೆ. "ಐದು."

"ನಿನ್ನ ಕತ್ತಿ ಕೊಡು."

ಕೊಟ್ಟೆ. ಅದನ್ನು ಬಾವಿಗೆ ಎಸೆದರು. ಶೆಡ್ಡಿನಿಂದ ಇನ್ನೂ ನಾಲ್ಕು ಕತ್ತಿ ತಂದು ಎಸೆದರು. ಕೊನೆಗೆ ಬೆಲ್ಟಿನಿಂದ ತಮ್ಮದನ್ನು ತೆಗೆದು, ಒಂದು ಗಳಿಗೆ ನೋಡಿ, ಅದನ್ನೂ ಬಿಟ್ಟರು. ಕೆಳಗೆ ನೀರಿನ ಸದ್ದು ಬಂತು. "ಮೂರು ದಿನ ಕಳೆದ ಮೇಲೆ ಪಾತಾಳಗರಡಿ ಹಾಕಿ ತೆಗೆಯುವ" ಎಂದರು. ಆಗ ನಾನು ಅವರ ಮುಖ ನೋಡಿದೆ. ಬೆವರು ಇಳಿಯುತ್ತಿತ್ತು. ನನಗಿಂತ ಹೆಚ್ಚು ಹೆದರಿದ ಮುಖ ಅದು. ವರ್ಷದುದ್ದಕ್ಕೂ ನಾನು ಸಿಟ್ಟು ಎಂದು ತಿಳಿದುಕೊಂಡದ್ದು ಸಿಟ್ಟಲ್ಲ. ಭೂಮಿಗೆ ಹೇಳಿಕೊಳ್ಳುತ್ತೇನೆ ಎಂದವರು ಅವರೇ ಅಲ್ಲವಾ.

ದೊರೆಸಾನಿ ಟೊಪ್ಪಿ ಹಾಕಿಕೊಂಡು ಮೆಟ್ಟಿಲು ಇಳಿದು ಬಂದಳು. ಪಕ್ಕದಲ್ಲಿ ಬಟ್ಲರ್.

"ಏ ಕಾಕ, ಇನ್ನೂ ಶುರು ಮಾಡಲಿಲ್ವಾ ಅಂತ ಕೇಳ್ತಾರೆ."

"ಕತ್ತಿ ಇಲ್ಲ ಅಂತ ಹೇಳಿ."

"ಕತ್ತಿ ಎಲ್ಲಿ ಹೋಯ್ತು?"

"ಬಾವಿಗೆ ಬಿತ್ತು."

"ಎಲ್ಲಾ ಕತ್ತಿಯಾ?"

"ಎಲ್ಲಾ."

ಬಟ್ಲರ್ ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದರೋ, ದೊರೆಸಾನಿಯ ಕುತ್ತಿಗೆ ಕೆಂಪಾಯಿತು. ಅವಳು ಒಳಗೆ ಹೋಗಿ ತನ್ನದೇ ಕತ್ತರಿ ತಂದಳು. ಅವಳ ಊರಿನದು, ಸ್ಪ್ರಿಂಗಿನದು, ಎರಡು ಗಿಳಿಮೂತಿ ಸೇರಿದ ಹಾಗೆ. ತಂದವಳು ಎದುರಿಗಿದ್ದ ನನ್ನ ಕೈಯಲ್ಲೇ ಅದನ್ನು ಇಟ್ಟು, ಮೊದಲ ಪೊದೆಯ ಕಡೆಗೆ ಬೆರಳು ತೋರಿಸಿದಳು.

ಕತ್ತರಿ ತಣ್ಣಗಿತ್ತು. ಹೊಟ್ಟೆಯೊಳಗೆ ಮಗು ಒಮ್ಮೆ ಒದೆಯಿತು. ಅಥವಾ ನನಗೆ ಹಾಗೆ ತೋರಿತು. ಕಡಿದರೆ ಮಗು ಹೋಗುತ್ತದೆ, ಮಗು ಹೋದರೆ ಮನೆ ಹೋಗುತ್ತದೆ. ಕಡಿಯದಿದ್ದರೆ ಕೆಲಸ ಹೋಗುತ್ತದೆ. ನಾನು ಬಗ್ಗಿದೆ ಕೂಡ. ಸುಳ್ಳು ಯಾಕೆ ಹೇಳಲಿ, ಕಡಿಯುತ್ತಿದ್ದೆ.

ಕಾಕ ಬಂದು ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು. ಬ್ಯಾರಿಗಳು ಅನ್ಯ ಹೆಂಗಸಿನ ಕೈ ಮುಟ್ಟುವವರಲ್ಲ. ಅಂದು ನನ್ನ ಮಣಿಕಟ್ಟು ಹಿಡಿದು ಸಾಲಿನಿಂದ ಈಚೆಗೆ ಎಳೆದು, ನೀರು ಹೋಗುವ ಕಣಿಯ ಪಕ್ಕದಲ್ಲಿ ನಿಲ್ಲಿಸಿದರು.

"ಕೈ ಬಿಡಿಸು" ಎಂದರು. "ಎರಡೂ ಕೈ. ಹೀಗೆ, ನೆಲದ ಕಡೆಗೆ. ಭೂಮಿಗೆ ಕಾಣಲಿ. ನಾನು ಮುಗಿಸುವವರೆಗೆ ಮಡಚಬೇಡ."

ಆಮೇಲೆ ಮೊದಲ ಪೊದೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ದೊರೆಸಾನಿಗೂ ಅಲ್ಲ, ಬಟ್ಲರನಿಗೂ ಅಲ್ಲ, ಬುಡದ ಮಣ್ಣಿಗೆ ಹೇಳಿದರು. "ಕಡಿಯುವುದು ನಾನು. ಹೋದ ವರ್ಷ ಕಡಿಸಿದ್ದೂ ನಾನೇ. ಅವಳ ಕೈಯಲ್ಲಿ ಎಂತದೂ ಇಲ್ಲ, ಸರಿಯಾಗಿ ನೋಡಿಕೋ."

ಕಡಿಯಲು ಶುರು ಮಾಡಿದರು. ಹಾವಿನ ತಲೆಗೆ ಗುರಿ ತಪ್ಪದ ಆ ಕೈ ಈಗ ಎಲ್ಲೆಲ್ಲೋ ಕಡಿಯಿತು. ಒಂದು ಗೇಣಿನಲ್ಲಿ ಒಂದು, ಒಂದೂವರೆ ಗೇಣಿನಲ್ಲಿ ಇನ್ನೊಂದು. ಓರೆ ಇಲ್ಲ, ಕಣ್ಣು ನೋಡುವುದಿಲ್ಲ, ಕೆಲವು ಕಡ್ಡಿ ಸೀಳಿಹೋದವು. ದೊರೆಸಾನಿ ಏನೇನೋ ಕೂಗಿದಳು. ಬಟ್ಲರ್ ಹತ್ತಿರ ಹೋಗಿ, "ಕುಡಿದಿದ್ದೀಯಾ ಅಂತ ಕೇಳ್ತಾರೆ ಮಾರಾಯಾ, ಎಂತ ಹೇಳಲಿ?" ಎಂದರು. ಕುಡಿತದ ವಾಸನೆ ತಾಗಿದರೆ ಮೀಯುವ ಮನುಷ್ಯ ಕಾಕ. "ಹೌದು ಅಂತ ಹೇಳಿ" ಎಂದರು.

ಮಧ್ಯಾಹ್ನ ಆಯಿತು, ಸಂಜೆ ಆಯಿತು. ನೆತ್ತಿ ಸುಡುತ್ತಿತ್ತು. ಹೊತ್ತು ಹೋದ ಹಾಗೆ ಬೆರಳುಗಳು ಮರಗಟ್ಟಿದವು, ಆದರೂ ಮಡಚಲಿಲ್ಲ. ಆಮೇಲೆ ಬಂದು ಸೇರಿದ ಉಳಿದ ಹೆಂಗಸರು ಕಡಿದ ಕಡ್ಡಿ ಹೊತ್ತರು. ಯಾರೂ ನಗಲಿಲ್ಲ.

ಕಾಕನನ್ನು ಆ ದಿನವೇ ತೋಟದ ಮೇಸ್ತ್ರಿಯ ಕೆಲಸದಿಂದ ಇಳಿಸಿದರು. ಕುಡುಕ ಎಂಬ ಹೆಸರಿನಲ್ಲಿ ಅದೇ ತೋಟದಲ್ಲಿ ನೀರು ಹೊರುವವರಾಗಿ ಉಳಿದರು. ಸೀಳಿದ ಕೂಳೆಗಳೆಲ್ಲ ಚಿಗುರಿದವು, ಗಿಡಕ್ಕೆ ಎಂತ ಗೊತ್ತು. ಅವರು ಆ ಚಿಗುರನ್ನು ತಿರುಗಿ ನೋಡಿದ್ದನ್ನು ನಾನು ಕಾಣಲಿಲ್ಲ. ಕೊಡಪಾನ ಹೊತ್ತು ಹೋಗುವಾಗ ನನ್ನ ನಡಿಗೆ ನೋಡುತ್ತಿದ್ದರು. ಐದನೆಯ ದಿನ ನಾನು ಕೆಲಸಕ್ಕೆ ಬಂದದ್ದನ್ನು ಕಂಡು ಕೊಡಪಾನ ಕೆಳಗಿಟ್ಟು ನಿಂತರು. ಆರನೆಯ ದಿನವೂ ಹಾಗೆ. ಆಮೇಲೆ ದಿನಾ. ನಾನು ಬೇಶ ತಿಂಗಳಲ್ಲಿ, ಮೇ ಅರ್ಧ ಕಳೆದ ಮೇಲೆ, ಕೆಲಸ ಬಿಟ್ಟು ಮನೆಯಲ್ಲಿ ಕೂರುವವರೆಗೆ ಅವರಿಗೂ ನನಗೂ ಒಂದೇ ಹೆದರಿಕೆ.

ಮಳೆ ಹಿಡಿಯುವ ಮೊದಲು ಹೆತ್ತೆ. ಗಂಡು. ಸಪೂರ ಕೂಸು, ಅಳುವುದೇ ಕಡಿಮೆ. ಮೊದಲನೆಯದು ಒಂದೇ ದಿನಕ್ಕೆ ಹೋದದ್ದರಿಂದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ. ಎರಡು ದಿನ ದಾಟಿತು, ಮೂರು ದಾಟಿತು. ನಾಲ್ಕನೆಯ ದಿನ ಬೆಳಿಗ್ಗೆ ಬೇಲಿಯ ಹತ್ತಿರ ಅತ್ತೆಯ ಸ್ವರ ಕೇಳಿತು.

"ಎಂತ ಬ್ಯಾರಿ, ಕೆಲಸಕ್ಕೆ ಕರೆಯಲಿಕ್ಕೆ ಬಂದದ್ದಾ? ಅವಳು ನಲ್ವತ್ತು ದಿನ ಬರುವುದಿಲ್ಲ."

"ಇಲ್ಲ."

"ಮತ್ತೆ ಎಂತ?"

"ಎಂತ ಇಲ್ಲ. ಈ ದಾರಿಯಲ್ಲಿ ಬಂದೆ."

ಫಳ್ನೀರಿನಿಂದ ಪಡೀಲಿಗೆ ಯಾರೂ ಸುಮ್ಮನೆ ಬರುವುದಿಲ್ಲ. ಅತ್ತೆ ಇನ್ನೇನೋ ಕೇಳಿದರು. ಬೇಲಿಯ ಗಳ ಕಿರುಗುಟ್ಟಿತು. ಹೋಗಿರಲಿಲ್ಲ. ಮಗು ಉಂಟಾ ಇಲ್ಲವಾ ಎಂದು ಕಾಕ ಕೇಳಲಾರರು. ಹೆತ್ತ ಕೋಣೆಯಿಂದ ಪರಗಂಡಸಿನ ಜೊತೆ ನಾನು ಮಾತಾಡುವ ಹಾಗಿಲ್ಲ. ಮಗು ನನ್ನ ಮಗ್ಗುಲಲ್ಲಿ ಸದ್ದಿಲ್ಲದೆ ನಿದ್ದೆ ಮಾಡುತ್ತಿತ್ತು.

ನಾನು ಬಟ್ಟೆ ಸರಿಸಿ ಅದರ ಅಂಗಾಲಿಗೆ ಚಿವುಟಿದೆ. ಹುಟ್ಟಿದ ಮೇಲೆ ಅಷ್ಟು ಜೋರಾಗಿ ಅದು ಅತ್ತದ್ದು ಅದೇ ಮೊದಲು.

ಹೊರಗೆ ಯಾರೋ ದೊಪ್ಪನೆ ಕುಸಿದ ಸದ್ದಾಯಿತು. "ಅಯ್ಯೋ, ಈ ಬ್ಯಾರಿಗೆ ಎಂತಾಯ್ತು, ಮಣ್ಣಿನಲ್ಲೇ ಕೂತುಬಿಟ್ಟರಲ್ಲ! ಯಾರಾದರೂ ಒಂದು ಚೆಂಬು ನೀರು ತನ್ನಿ!" ಎಂದು ಅತ್ತೆ ಕೂಗಿದರು.

ನಾನು ಇನ್ನೊಮ್ಮೆ ಚಿವುಟಿದೆ.